ಮ್ಯೂನಿಕ್‌ನಲ್ಲಿ ಆಗಸ್ಟ್ 15: ಭಾರತ, ಕೊರಿಯಾ ಎರಡೂ ಬಾವುಟ ಹಾರಿಸುವುದು ಹೇಗೆ?

ದೂರದಾರಿ:
2026ರ ಆಗಸ್ಟ್ 15ಕ್ಕೆ ಮ್ಯೂನಿಕ್‌ನಲ್ಲಿರುತ್ತೇವೆ. ಜೊತೆಗೆ ಬರುವ ಗೆಳತಿ ದಕ್ಷಿಣ ಕೊರಿಯಾದವಳು. 1945ರಲ್ಲಿ ಜಪಾನಿನ ಆಳ್ವಿಕೆ ಮುಗಿದ ನೆನಪಿಗೆ ಅವರಿಗೂ ಅದೇ ದಿನ ರಾಷ್ಟ್ರೀಯ ಹಬ್ಬ. ಬಾಡಿಗೆ ಫ್ಲ್ಯಾಟಿನ ಬಾಲ್ಕನಿಯಲ್ಲಿ ಎರಡೂ ಬಾವುಟ ಹಾರಿಸಿ, ಕೇಸರಿಬಾತ್ ಮಾಡುವ ಆಸೆ. ಯಾವ ಅಳತೆ ಒಯ್ಯಬೇಕು, ಯಾವುದು ಯಾವ ಪಕ್ಕ? ಕೆಂಪುಕೋಟೆಯ ನೇರಪ್ರಸಾರ ಅಲ್ಲಿ ಎಷ್ಟು ಗಂಟೆಗೆ?

ಗೂಟಹಗ್ಗ:
450×300 ಮಿ.ಮೀ. ಸಾಕು. ಎರಡೂ ದೇಶದ ಬಾವುಟ 3:2ರ ಅನುಪಾತವೇ, ಹಾಗಾಗಿ ಒಂದೇ ಅಳತೆಯವು ಸಿಗುತ್ತವೆ. ಒಂದು ದೊಡ್ಡದು ಒಂದು ಚಿಕ್ಕದು ಆಗಲೇಬಾರದು. ಪಾಲಿಯೆಸ್ಟರ್ ತಗೊಳ್ಳಿ. 2021ರ ಡಿಸೆಂಬರ್ ತಿದ್ದುಪಡಿಯ ನಂತರ ಅದಕ್ಕೆ ಧ್ವಜಸಂಹಿತೆಯ ಒಪ್ಪಿಗೆಯಿದೆ, ಮಳೆ ಬಂದರೆ ಬೇಗ ಒಣಗುತ್ತದೆ. ಒದ್ದೆಯಾಗಿಯೇ ಮಡಚಿಟ್ಟರೆ ಬಿಳಿ ಪಟ್ಟಿಗೆ ಕಲೆ ಬೀಳುತ್ತದೆ.

ಕೋಲನ್ನು ಬಾಲ್ಕನಿಯಿಂದ ಓರೆಯಾಗಿ ಹೊರಚಾಚಿ ಕಟ್ಟುವುದಾದರೆ ಕೇಸರಿ ಪಟ್ಟಿ ಕೋಲಿನ ಹೊರತುದಿಗೆ ಬರಬೇಕು. ಎರಡು ಕಡೆ ಬಿಗಿಯಿರಿ. ಒಂದೇ ಗಂಟಾದರೆ ಗಾಳಿಗೆ ಕೋಲು ತಿರುಗಿ ಬಾವುಟ ಸುತ್ತಿಕೊಳ್ಳುತ್ತದೆ. ಕಟಕಟೆಯ ಮೇಲೆ ಬಟ್ಟೆಯಂತೆ ಹೊದಿಸಬೇಡಿ. ಒಂದೇ ಕೋಲಿಗೆ ಎರಡು ಬಾವುಟವೂ ಬೇಡ. ಮನೆಯೊಡೆಯರನ್ನು ಮೊದಲೇ ಕೇಳಿ.

ಪಕ್ಕದ ವಿಷಯ: ಬೇರೆ ದೇಶದ ಬಾವುಟಗಳ ಸಾಲಿನಲ್ಲಿ ನಮ್ಮದು ಬಲತುದಿಗೆ, ಅಂದರೆ ಎದುರು ನಿಂತು ನೋಡುವವರಿಗೆ ಎಡಕ್ಕೆ.

ನಾಲ್ಕುಗೆರೆ:
ಇಲ್ಲೇ ತೊಡಕು. ಎರಡೇ ಬಾವುಟವಿದ್ದಾಗ ತಮ್ಮದು ನೋಡುವವರ ಎಡಕ್ಕಿರಬೇಕು ಎನ್ನುವುದು ಕೊರಿಯಾದ ಪದ್ಧತಿಯೂ ಹೌದು. ಇಬ್ಬರಿಗೂ ಒಂದೇ ಜಾಗ ಬೇಕು! ಅಕ್ಕಪಕ್ಕ ಕಟ್ಟುವುದನ್ನೇ ಬಿಟ್ಟು ಒಂದಾದ ಮೇಲೊಂದು ಹಾರಿಸುವುದು ಒಳ್ಳೆಯದು: ಮೊದಲು ಒಬ್ಬರ ಬಾವುಟ, ರಾಷ್ಟ್ರಗೀತೆ, ಅದನ್ನು ಇಳಿಸಿ ಮಡಚಿದ ಮೇಲೆ ಇನ್ನೊಬ್ಬರದು. ಜನಗಣಮನ ಪೂರ್ತಿ ಸುಮಾರು 52 ಸೆಕೆಂಡು. ಗೆಳತಿ ಹಾಡಬೇಕಿಲ್ಲ, ನೇರ ನಿಂತರೆ ಸಾಕು. ಅವಳ ಗೀತೆಗೆ ನೀವೂ ಹಾಗೇ.

ಕೊರಿಯಾದ ಬಾವುಟ ತಲೆಕೆಳಗಾಗುವುದು ಬಹಳ ಸುಲಭ. ನಡುವಿನ ವೃತ್ತದಲ್ಲಿ ಕೆಂಪು ಮೇಲೆ, ನೀಲಿ ಕೆಳಗೆ. ತುಂಡಾಗದ ಮೂರು ಗೆರೆಗಳು ಮೇಲಿನ ಎಡಮೂಲೆಗೆ. ಎರಡನ್ನೂ ನೋಡಿಕೊಳ್ಳಿ.

ರವೆಡಬ್ಬಿ:
ಮುಖ್ಯವಾದದ್ದನ್ನು ಯಾರೂ ಹೇಳಲಿಲ್ಲ. ಆಗಸ್ಟ್ 15 ಮ್ಯೂನಿಕ್‌ನಲ್ಲಿ ಮೇರಿಯಮ್ಮನ ಸ್ವರ್ಗಾರೋಹಣದ ರಜೆ, ಅಂಗಡಿಗಳು ಬಂದ್. 2026ರಲ್ಲಿ ಅದು ಶನಿವಾರ, ಮರುದಿನ ಭಾನುವಾರ, ಅಂದೂ ಬಂದ್. ಶುಕ್ರವಾರ ರಾತ್ರಿ 8ರೊಳಗೆ ಸಾಮಾನು ತಂದಿಟ್ಟುಕೊಳ್ಳಿ.

ತುಪ್ಪವನ್ನು ಊರಿಂದ ಒಯ್ಯಬೇಡಿ; ಹಾಲಿನ ಉತ್ಪನ್ನಗಳನ್ನು ಪ್ರಯಾಣಿಕರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಅಲ್ಲಿ 'ಬುಟರ್‌ಶ್ಮಾಲ್ಟ್ಸ್' ಕೇಳಿ, ತುಪ್ಪದ ಕೆಲಸ ಮಾಡುತ್ತದೆ. ರವೆಗೆ 'ವೈಖ್‌ವೈಟ್ಸನ್‌ಗ್ರೀಸ್'. 'ಹಾರ್ಟ್‌ವೈಟ್ಸನ್‌ಗ್ರೀಸ್' ಗಟ್ಟಿ ಗೋಧಿಯದು, ಕೇಸರಿಬಾತ್ ತರಿತರಿಯಾಗುತ್ತದೆ. 1 ಕಪ್ ರವೆಗೆ ಎರಡೂವರೆ ಕಪ್ ಕುದಿನೀರು, ಒಂದೂಕಾಲು ಕಪ್ ಸಕ್ಕರೆ, ಅರ್ಧ ಕಪ್ ತುಪ್ಪ. ರವೆ ಪೂರ್ತಿ ಬೆಂದ ಮೇಲೇ ಸಕ್ಕರೆ. ಮೊದಲೇ ಹಾಕಿದರೆ ರವೆ ನೀರು ಹೀರದೆ ಅರೆಬೆಂದು ಉಳಿಯುತ್ತದೆ. ಏಲಕ್ಕಿ ಮಾತ್ರ ಊರಿಂದಲೇ ಒಯ್ಯಿರಿ.

ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಕೆಂಪುಕೋಟೆಯ ಧ್ವಜಾರೋಹಣ ಇಲ್ಲಿ ಬೆಳಿಗ್ಗೆ ಏಳೂವರೆಗೆ ಎಂದರೆ ಅಲ್ಲಿ ನಸುಕಿನ 4. ಹೆಡ್‌ಫೋನ್ ಹಾಕಿಕೊಳ್ಳಿ, ಅಕ್ಕಪಕ್ಕದವರಿಗೆ ಅದು ನಿದ್ದೆಯ ಹೊತ್ತು. ಅಷ್ಟು ಬೇಗ ಏಳಲಾಗದಿದ್ದರೆ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟಿನ ಪ್ರಕಟಣೆ ನೋಡಿ. ಇಂಥ ಕಚೇರಿಗಳಲ್ಲಿ ಬೆಳಿಗ್ಗೆ ಧ್ವಜಾರೋಹಣ ಮಾಡಿ ರಾಷ್ಟ್ರಪತಿಗಳ ಭಾಷಣ ಓದುವುದು ರೂಢಿ. ಪಾಸ್‌ಪೋರ್ಟ್ ಇರಲಿ, ದೊಡ್ಡ ಬ್ಯಾಗ್ ಬೇಡ. ಗೆಳತಿಯ ಪ್ರವೇಶದ ಬಗ್ಗೆ ಮೊದಲೇ ಬರೆದು ಕೇಳಿ.

ದೂರದಾರಿ:
ಬಾಲ್ಕನಿಗೆ ಒಪ್ಪದಿದ್ದರೆ ಒಳಗೋಡೆಗೆ ಉದ್ದುದ್ದ ಇಳಿಬಿಡಬಹುದೇ?

ಗೂಟಹಗ್ಗ:
ಆಗಬಹುದು. ಎದುರು ನಿಂತವರಿಗೆ ಕೇಸರಿ ಎಡಕ್ಕೆ ಬರಲಿ. ಬಾವುಟಕ್ಕೆ ಪಿನ್ನು ಚುಚ್ಚಬೇಡಿ, ಮೇಲಂಚನ್ನು ಕ್ಲಿಪ್ಪಿನಲ್ಲಿ ಹಿಡಿಸಿ.