ಫೋನಿನಲ್ಲಿ ಬೆಳೆದ ಪ್ರೀತಿಯನ್ನು ಎಷ್ಟು ನಂಬಬಹುದು? ಅನುಭವವಿದ್ದವರು ತಿಳಿಸಿ

ಕೋರಿಕೆ: ನನಗೆ 36 ವರ್ಷ; ಸಕಲೇಶಪುರ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಕಾಫಿ ತೋಟ ನೋಡಿಕೊಂಡಿದ್ದೇನೆ. ಆರು ವರ್ಷ ಹೆಣ್ಣು ನೋಡಿದರೂ ಸಂಬಂಧ ಕೂಡಿಬರಲಿಲ್ಲ. ಐದು ತಿಂಗಳಿಂದ ಆ್ಯಪ್ ಒಂದರಲ್ಲಿ ಪರಿಚಯವಾದವರೊಡನೆ ದಿನವೂ ಮಾತನಾಡುತ್ತಿದ್ದು, ಮನಸ್ಸು ಅವರ ಕಡೆ ವಾಲಿದೆ. ಇನ್ನೂ ಭೇಟಿಯಾಗಿಲ್ಲ, ಅರಸೀಕೆರೆಯಲ್ಲಿರುವ ಅಕ್ಕನಿಗೂ ಹೇಳಿಲ್ಲ. ಈ ದಾರಿಯಲ್ಲಿ ನಡೆದವರು ಯಾವ ಎಚ್ಚರಿಕೆ ವಹಿಸಿದಿರಿ?

ಹಾಸನದಿಂದ: ನೀವು ನಾಚಿಕೊಳ್ಳಬೇಕಾದದ್ದು ಏನೂ ಇಲ್ಲ. ತೋಟದಲ್ಲಿರುವ ಹುಡುಗನಿಗೆ ಹೆಣ್ಣು ಕೊಡಲು ಹಿಂಜರಿಯುವುದು ನಮ್ಮ ಕಡೆ ಎಲ್ಲರೂ ಬಲ್ಲ ಸಂಗತಿ. ವಿಚ್ಛೇದನವಾದ ನನ್ನಂಥವಳಿಗಂತೂ ನೆಂಟರು ತರುತ್ತಿದ್ದ ಸಂಬಂಧಗಳಲ್ಲಿ ನನ್ನ ಇಷ್ಟವನ್ನು ಕೇಳುವವರೇ ಇರಲಿಲ್ಲ. 39ನೇ ವಯಸ್ಸಿನಲ್ಲಿ ನಾನು ಫೋನಿನಲ್ಲಿ ಹುಡುಕಲು ಹೊರಟದ್ದು, ಸಂಜೆ ಶಾಲೆಯಿಂದ ಬಂದ ಮೇಲೆ ಆ ದಿನದ ಮಾತನ್ನು ಕೇಳಿಸಿಕೊಳ್ಳುವ ಒಬ್ಬರು ಬೇಕೆನಿಸಿದ್ದರಿಂದ.

ಮನೆಯವರು ನೋಡುವ ಸಂಬಂಧದಲ್ಲಿ ಹುಡುಗನ ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತಾರೆ. ಫೋನಿನಲ್ಲಿ ಆ ವಿಚಾರಣೆಯೇ ತಪ್ಪಿಹೋಗುತ್ತದೆ, ಅದನ್ನು ನಾವೇ ಮಾಡಬೇಕಾಗುತ್ತದೆ. ಆದ್ದರಿಂದ ನಾನು ಮೊದಲ ತಿಂಗಳು ಮನೆಯ ವಿಳಾಸವನ್ನಾಗಲಿ ಶಾಲೆಯ ಹೆಸರನ್ನಾಗಲಿ ಹೇಳಲಿಲ್ಲ, ಪರಿಚಯವಾದವರ ಫೋಟೊ ಬೇರೆ ಹೆಸರಿನಲ್ಲಿ ಎಲ್ಲಾದರೂ ಇದೆಯೇ ಎಂದು ಗೂಗಲ್‌ನಲ್ಲಿ ಹುಡುಕಿ ನೋಡಿದೆ, ವಿಡಿಯೊ ಕರೆಯಲ್ಲಿ ಹಲವು ಬಾರಿ ಮಾತನಾಡಿದ ಮೇಲಷ್ಟೇ ಭೇಟಿಗೆ ಒಪ್ಪಿದೆ. ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಭೇಟಿಯಾದಾಗ ನನ್ನ ತಂಗಿ ಸ್ವಲ್ಪ ದೂರದ ಬೆಂಚಿನಲ್ಲಿ ಕುಳಿತಿದ್ದಳು. ಆ ವಿಷಯವನ್ನು ಅವರಿಗೆ ಮೊದಲೇ ತಿಳಿಸಿದ್ದೆ. ಅವರು ಬೇಸರಿಸಲಿಲ್ಲ, ಮುಂದಿನ ಸಲ ತಮ್ಮ ಅಕ್ಕನನ್ನೇ ಕರೆತಂದರು. ನನ್ನ ಭಯ ಕಳೆದದ್ದು ಆ ದಿನ. ಅದಕ್ಕೂ ಮುಂಚೆ ಪರಿಚಯವಾಗಿದ್ದ ಇನ್ನೊಬ್ಬರು, ತಂಗಿಗೆ ಹೇಳುತ್ತೇನೆ ಎಂದ ಕೂಡಲೇ ಸಿಟ್ಟಾಗಿ ಮಾತು ನಿಲ್ಲಿಸಿದ್ದರು.

ಚಿಕ್ಕಮಗಳೂರಿನಿಂದ: ನನ್ನದು ಹಣ ಕಳೆದುಕೊಂಡ ಅನುಭವ. ಹೆಂಡತಿ ತೀರಿಕೊಂಡ ಎರಡನೇ ವರ್ಷ, ವಿದೇಶದಲ್ಲಿ ನರ್ಸ್ ಎಂದು ಹೇಳಿಕೊಂಡವರು ಮೂರು ತಿಂಗಳು ಬಹಳ ಅಕ್ಕರೆಯಿಂದ ಮಾತನಾಡಿ, ಉಡುಗೊರೆ ಕಳುಹಿಸಿದ್ದೇನೆ ಎಂದರು. ಮರುವಾರ ‘ಕಸ್ಟಮ್ಸ್’ ಹೆಸರಿನಲ್ಲಿ ಕರೆ ಬಂತು. ಕಾಫಿ ಮಾರಿದ ಹಣದಲ್ಲಿ ₹85,000 ಹಾಕಿದೆ. ಸುಂಕದ ಹಣವನ್ನು ಸರ್ಕಾರ ಯಾರ ಖಾಸಗಿ ಖಾತೆಗೂ ಹಾಕಿಸಿಕೊಳ್ಳುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಮಗನಿಗೆ ಗೊತ್ತಾದೀತೆಂದು ಒಂಬತ್ತು ದಿನ ಬಾಯಿ ಬಿಡದೆ ಕುಳಿತದ್ದು ಇನ್ನೂ ದೊಡ್ಡ ತಪ್ಪು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದರೆ, ಹಣ ಹೋದ ಖಾತೆಯಲ್ಲೇ ಅದನ್ನು ತಡೆಹಿಡಿಯಲು ಬ್ಯಾಂಕಿಗೆ ಅವಕಾಶವಿರುತ್ತದೆ. ನಾನು ಜಿಲ್ಲೆಯ ಸಿ.ಇ.ಎನ್. (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗುವ ಹೊತ್ತಿಗೆ ಹಣ ಹಲವು ಖಾತೆಗಳನ್ನು ದಾಟಿತ್ತು. ಖಾಸಗಿ ಚಿತ್ರ ತೋರಿಸಿ ಹೆದರಿಸಿದರೂ ಹಣ ಕೊಡಬೇಡಿ, ಸಂದೇಶಗಳನ್ನು ಅಳಿಸಬೇಡಿ; ದೂರಿಗೆ ಅವೇ ಆಧಾರ.

ನಿಮಗೆ ಆ್ಯಪ್‌ನಲ್ಲಿ ಪರಿಚಯವಾದವರು ಈವರೆಗೆ ಹಣ ಕೇಳಿದ್ದಾರೆಯೇ, ವಿಡಿಯೊದಲ್ಲಿ ಮುಖ ತೋರಿಸಿದ್ದಾರೆಯೇ ಎಂದು ನೀವು ಬರೆದಿಲ್ಲ. ಎರಡಕ್ಕೂ ಉತ್ತರ ಏನೇ ಇರಲಿ, ಈ ಭಾನುವಾರ ಅರಸೀಕೆರೆಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿ.