ಸಹಾಯ ಬೇಕು: ಕಸ್ಟಮ್ ಕಂಟ್ರೋಲ್‌ನ ಮಿತಿಗೊಳಿಸಿದ ಮೌಲ್ಯ ವ್ಯೂಮಾಡೆಲ್‌ಗೆ ತಲುಪುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಡಬ್ಲ್ಯುಪಿಎಫ್‌ನಲ್ಲಿ (ವಿಂಡೋಸ್ ಅಪ್ಲಿಕೇಷನ್‌ಗಳ ಪರದೆ ಕಟ್ಟುವ ಮೈಕ್ರೋಸಾಫ್ಟ್ ಚೌಕಟ್ಟು) ಸಂಖ್ಯೆ ತುಂಬುವ ಕಸ್ಟಮ್ ಕಂಟ್ರೋಲ್ ಬರೆಯುತ್ತಿದ್ದೇನೆ. ಅದರ ‘ವ್ಯಾಲ್ಯೂ’ ಎಂಬುದು ಡಿಪೆಂಡೆನ್ಸಿ ಪ್ರಾಪರ್ಟಿ (ಬೈಂಡಿಂಗ್ ಮಾಡಬಹುದಾದ ಪ್ರಾಪರ್ಟಿ). ವ್ಯೂಮಾಡೆಲ್ (ಪರದೆಯ ಹಿಂದಿನ ಡೇಟಾ ಇಟ್ಟುಕೊಳ್ಳುವ ಕ್ಲಾಸ್) ಜೊತೆಗಿನ ಬೈಂಡಿಂಗ್ ಟೂವೇ, ಅಂದರೆ ಬದಲಾವಣೆ ಎರಡೂ ಕಡೆಗೆ ಹೋಗುತ್ತದೆ. ಟೆಂಪ್ಲೇಟ್‌ಬೈಂಡಿಂಗ್ ಒಂದೇ ದಿಕ್ಕಿನದಾದ್ದರಿಂದ ಒಳಗಿನ ಟೆಕ್ಸ್ಟ್‌ಬಾಕ್ಸ್‌ಗೆ ರಿಲೇಟಿವ್‌ಸೋರ್ಸ್ ಟೆಂಪ್ಲೇಟೆಡ್‌ಪೇರೆಂಟ್ (ಕಂಟ್ರೋಲ್‌ನ ಪ್ರಾಪರ್ಟಿಗೇ ಜೋಡಿಸುವ ಸಾಮಾನ್ಯ ಬೈಂಡಿಂಗ್) ಬಳಸಿದ್ದೇನೆ. ಕಂಟ್ರೋಲ್‌ನ ಡೇಟಾಕಾಂಟೆಕ್ಸ್ಟ್ (ಬೈಂಡಿಂಗ್ ಡೇಟಾ ಹುಡುಕುವ ಮೂಲ) ಮುಟ್ಟಿಲ್ಲ. ಅದಕ್ಕೆ ಕಂಟ್ರೋಲನ್ನೇ ಕೊಟ್ಟರೆ ಹೊರಗಿನ ಬೈಂಡಿಂಗ್ ವ್ಯೂಮಾಡೆಲ್ ಬಿಟ್ಟು ಕಂಟ್ರೋಲ್‌ನಲ್ಲೇ ಪ್ರಾಪರ್ಟಿ ಹುಡುಕುತ್ತದೆ.

ತೊಡಕು ಇಷ್ಟು: ಗರಿಷ್ಠ 100 ಇದ್ದಾಗ 150 ಟೈಪ್ ಮಾಡಿದರೆ ಕೋಯರ್ಸ್ ಕಾಲ್‌ಬ್ಯಾಕ್‌ನಿಂದ (ಮೌಲ್ಯವನ್ನು ಮಿತಿಯೊಳಗೆ ತರುವ ಫಂಕ್ಷನ್) ಕಂಟ್ರೋಲ್‌ನ ಮೌಲ್ಯ 100 ಆಗುತ್ತದೆ, ವ್ಯೂಮಾಡೆಲ್‌ಗೆ ಮಾತ್ರ 150 ಹೋಗುತ್ತದೆ. ಬೈಂಡಿಂಗ್ ಕಳಿಸುವುದು ಕೋಯರ್ಸ್‌ಗೆ ಮುಂಚಿನ ಮೌಲ್ಯವನ್ನು. ಗರಿಷ್ಠ ಮಿತಿ ಮುಂದೆ ಹೆಚ್ಚಿದಾಗ ಹಳೆಯ ಮೌಲ್ಯ ಮರಳಬೇಕಾದ ಕಡೆ ಈ ನಡವಳಿಕೆ ಸರಿಯೇ, ಆದರೆ ಇಲ್ಲಿ ತಪ್ಪು ಅಂಕಿ ಸೇವ್ ಆಗುತ್ತದೆ.

ಫೋಕಸ್ ಹೋದಾಗ ಮಿತಿ ಪರೀಕ್ಷಿಸಿ ಸೆಟ್‌ಕರೆಂಟ್‌ವ್ಯಾಲ್ಯೂ (ಬೈಂಡಿಂಗ್ ಉಳಿಸಿಕೊಂಡೇ ಮೌಲ್ಯ ಬದಲಿಸುವ ಮೆಥಡ್) ಕರೆಯಬೇಕೇ, ಅಥವಾ ವ್ಯೂಮಾಡೆಲ್‌ನಲ್ಲೇ ವ್ಯಾಲಿಡೇಷನ್ ಇಡಬೇಕೇ? ಕಂಟ್ರೋಲ್ ಬಳಸುವವರು ಒನ್‌ವೇ ಬೈಂಡಿಂಗ್ ಹಾಕಿದ್ದರೆ ನೇರ ಸೆಟ್‌ವ್ಯಾಲ್ಯೂ ಅದನ್ನು ಅಳಿಸಿಬಿಡುವುದರಿಂದ ಸೆಟ್‌ವ್ಯಾಲ್ಯೂ ಬೇಡ. ಇಂಥ ಕಂಟ್ರೋಲ್ ಬರೆದವರು ದಯವಿಟ್ಟು ಕೋಡ್ ಸಮೇತ ತಿಳಿಸಿ.