ಅಮ್ಮನ ಪ್ಲೇಟ್‌ಲೆಟ್ 70,000 ಅಂತೆ, ಗಾಯ ಆದರೆ ರಕ್ತ ನಿಲ್ಲುತ್ತಾ?

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ಅಮ್ಮನಿಗೆ ಮಾಮೂಲಿ ಚೆಕಪ್ ಅಂತ ರಕ್ತ ಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ 70,000 ಬಂದಿದೆ. ಅಮ್ಮ ಆರಾಮಾಗಿದ್ದಾರೆ, ಜ್ವರ ಇಲ್ಲ, ಎಲ್ಲೂ ರಕ್ತ ಬಂದಿಲ್ಲ. ನನಗೇ ನಿದ್ದೆ ಬರುತ್ತಿಲ್ಲ. ಕೈ ಕುಯ್ದುಕೊಂಡರೆ ರಕ್ತ ನಿಲ್ಲೋದೇ ಇಲ್ವಾ? ಈ ಪ್ಲೇಟ್‌ಲೆಟ್ ಅಸಲಿಗೆ ಮಾಡೋ ಕೆಲಸ ಏನು?

ಉತ್ತರ: ನಿಲ್ಲುತ್ತದೆ, ಗಾಬರಿ ಬೇಡ. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಸಣ್ಣಪುಟ್ಟ ಗಾಯಕ್ಕೆ ಅಷ್ಟೆಲ್ಲ ಬೇಕಾಗುವುದಿಲ್ಲ. ಗಾಯವೇ ಇಲ್ಲದೆ ರಕ್ತ ಸೋರುವ ಭಯ ಜಾಸ್ತಿಯಾಗುವುದು ಸಂಖ್ಯೆ 10,000–20,000ಕ್ಕಿಂತ ಕೆಳಗೆ ಇಳಿದಾಗ.

ಇನ್ನು ಕೆಲಸ. ರಕ್ತನಾಳದ ಒಳಮೈ ನುಣುಪು, ಅದಕ್ಕೆ ಪ್ಲೇಟ್‌ಲೆಟ್ ಅಂಟುವುದಿಲ್ಲ. ನಾಳ ಕುಯ್ದ ಕೂಡಲೇ ಅದು ಸ್ವಲ್ಪ ಬಿಗಿದುಕೊಳ್ಳುತ್ತದೆ, ಜೊತೆಗೆ ಒಳಮೈ ಹಿಂದಿರುವ ಕೊಲಾಜೆನ್ ಅನ್ನೋ ನಾರಿನಂಥ ಪ್ರೋಟೀನ್ ರಕ್ತಕ್ಕೆ ತಾಗುತ್ತದೆ. ರಕ್ತದಲ್ಲಿರುವ ವಾನ್ ವಿಲಿಬ್ರಾಂಡ್ ಫ್ಯಾಕ್ಟರ್ ಅನ್ನೋ ಪ್ರೋಟೀನ್ ಅಲ್ಲಿ ಕೂರುತ್ತದೆ, ರಭಸದಲ್ಲಿ ಹರಿದು ಹೋಗುತ್ತಿದ್ದ ಪ್ಲೇಟ್‌ಲೆಟ್ ಅದಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ. ಅಲ್ಲಿಯವರೆಗೆ ತಟ್ಟೆಯ ಹಾಗೆ ಚಪ್ಪಟೆಯಾಗಿದ್ದದ್ದು ಆಗ ಉಬ್ಬಿ, ಮೈತುಂಬಾ ಚೂಪು ಚಾಚುಗಳನ್ನು ಬಿಡುತ್ತದೆ. ಎಡಿಪಿ, ಥ್ರಾಂಬಾಕ್ಸೇನ್ ಅನ್ನೋ ರಾಸಾಯನಿಕಗಳನ್ನು ಹೊರಗೆ ಹಾಕುತ್ತದೆ, ಅವು ಅಕ್ಕಪಕ್ಕದ ಪ್ಲೇಟ್‌ಲೆಟ್‌ಗಳನ್ನೂ ಎಬ್ಬಿಸಿ ಕರೆತರುತ್ತವೆ. ರಕ್ತದಲ್ಲಿರುವ ಫೈಬ್ರಿನೋಜೆನ್ ಅನ್ನೋ ಇನ್ನೊಂದು ಪ್ರೋಟೀನ್ ಅವನ್ನು ಒಂದಕ್ಕೊಂದು ಹೆಣೆಯುತ್ತದೆ. ತೂತು ಮುಚ್ಚಿತು.

ಆದರೆ ಈ ಮುಚ್ಚಳ ಮೆತ್ತಗಿರುತ್ತದೆ, ಇದಷ್ಟೇ ಸಾಲದು. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್‌ಗಳು ಅನ್ನೋ ಪ್ರೋಟೀನ್‌ಗಳು ಇದೇ ಪ್ಲೇಟ್‌ಲೆಟ್‌ಗಳ ಮೈಮೇಲೆ ಕೂತು ಕೆಲಸ ಮಾಡಿ ಥ್ರಾಂಬಿನ್ ಅನ್ನೋ ಕಿಣ್ವ ತಯಾರಿಸುತ್ತವೆ. ಥ್ರಾಂಬಿನ್ ಸೋಕಿದ ಫೈಬ್ರಿನೋಜೆನ್ ಗಟ್ಟಿ ಎಳೆಯಾಗುತ್ತದೆ, ಅದೇ ಫೈಬ್ರಿನ್. ಕೊನೆಗೆ ಪ್ಲೇಟ್‌ಲೆಟ್‌ಗಳೇ ಆ ಎಳೆಗಳನ್ನು ಜಗ್ಗಿ ಹೆಪ್ಪನ್ನು ಬಿಗಿ ಮಾಡುತ್ತವೆ. ಎರಡು-ಮೂರು ಮೈಕ್ರೋಮೀಟರ್ ಗಾತ್ರದ, ನ್ಯೂಕ್ಲಿಯಸ್ಸೂ ಇಲ್ಲದ ಒಂದು ಚೂರು ಇಷ್ಟೆಲ್ಲ ಮಾಡುತ್ತದೆ ಅಂದರೆ ನನಗೆ ಇವತ್ತಿಗೂ ಆಶ್ಚರ್ಯ.

ಪ್ರಶ್ನೆ ಕೇಳಿದವರು: ಸ್ವಲ್ಪ ಧೈರ್ಯ ಬಂತು ಮೇಡಂ. ಹಾಗಾದರೆ ಕಡಿಮೆ ಆಗಿದ್ದು ಯಾಕೆ?

ಉತ್ತರ: ನಿಜವಾಗಿಯೂ ಕಡಿಮೆಯಾಗಿದೆಯಾ ಅಂತ ಮೊದಲು ನೋಡೋಣ. ರಕ್ತ ತೆಗೆದದ್ದು ನೇರಳೆ ಮುಚ್ಚಳದ ಟ್ಯೂಬಿಗೆ, ಅಲ್ವಾ? ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಅನ್ನೋ ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಇಡಿಟಿಎ ಸೇರಿದ ಮೇಲೆ ಪ್ಲೇಟ್‌ಲೆಟ್‌ಗಳು ಟ್ಯೂಬಿನೊಳಗೇ ಗುಂಪುಗಟ್ಟುತ್ತವೆ. ಮೆಷಿನ್ನಿಗೆ ಆ ಗುಂಪು ಪ್ಲೇಟ್‌ಲೆಟ್ ಅಂತ ಗೊತ್ತಾಗುವುದಿಲ್ಲ, ಎಣಿಕೆಯಿಂದ ಬಿಟ್ಟುಬಿಡುತ್ತದೆ. ನಾನು ಇಂಥ ರಿಪೋರ್ಟ್ ಬಂದರೆ ಸ್ಲೈಡ್ ಮಾಡಿಸಿ, ರಕ್ತ ತೆಳ್ಳಗೆ ಹರಡಿದ ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಗುಂಪುಗಳಿದ್ದರೆ ಅಲ್ಲೇ ಸಿಗುತ್ತವೆ, ನೇರಳೆ ಬಣ್ಣದ ಪುಡಿ ಪುಡಿ ಮುದ್ದೆಗಳು. ಆಮೇಲೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಬೇಕು. ಅದರಲ್ಲಿರುವ ದ್ರವದಿಂದ ರಕ್ತ ಸ್ವಲ್ಪ ತೆಳುವಾಗುವುದರಿಂದ, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸುತ್ತೇವೆ. ಆಗಲೂ 70,000 ಆಸುಪಾಸೇ ಬಂದರೆ ಕಾರಣ ಹುಡುಕಬೇಕು: ಸೋಂಕು, ಔಷಧಿ, ಲಿವರ್, ಊದಿದ ಗುಲ್ಮ (ಸ್ಪ್ಲೀನ್), ಹೀಗೆ ಪಟ್ಟಿ ದೊಡ್ಡದು, ನಿಮ್ಮ ಡಾಕ್ಟರ್ ನೋಡಲಿ. ಕಾಲ ಮೇಲೆ ಒತ್ತಿದರೂ ಮಾಯವಾಗದ ಸಣ್ಣ ಕೆಂಪು ಚುಕ್ಕೆ, ಒಸಡಿನಲ್ಲಿ ರಕ್ತ, ಕಪ್ಪು ಮಲ ಕಂಡರೆ ಮಾತ್ರ ಕಾಯಬೇಡಿ, ಅದೇ ದಿನ ಹೋಗಿ.

ಇನ್ನೊಬ್ಬ ಸದಸ್ಯರು: ನಮ್ಮ ತಂದೆಯವರ ಪ್ಲೇಟ್‌ಲೆಟ್ 2.4 ಲಕ್ಷ. ಆದರೂ ಶೇವ್ ಮಾಡುವಾಗ ಕುಯ್ದರೆ ರಕ್ತ ಬೇಗ ನಿಲ್ಲಲ್ಲ. ಹೃದಯಕ್ಕೆ ಆಸ್ಪಿರಿನ್ ತಗೊಳ್ತಾರೆ.

ಉತ್ತರ: ಅದೇ ಕಾರಣ ಇರಬೇಕು. ಸಂಖ್ಯೆ ಸರಿ ಇದ್ದ ಮಾತ್ರಕ್ಕೆ ಕೆಲಸವೂ ಪೂರ್ತಿ ನಡೆಯುತ್ತಿದೆ ಅಂತ ಅಲ್ಲ. ಥ್ರಾಂಬಾಕ್ಸೇನ್ ಮಾಡುವ ಕಿಣ್ವವನ್ನು ಆಸ್ಪಿರಿನ್ ಶಾಶ್ವತವಾಗಿ ಕೆಡಿಸುತ್ತದೆ. ನ್ಯೂಕ್ಲಿಯಸ್ ಇಲ್ಲದ ಪ್ಲೇಟ್‌ಲೆಟ್ ಅದನ್ನು ಹೊಸದಾಗಿ ಮಾಡಿಕೊಳ್ಳಲಾರದು, ಸಾಯುವವರೆಗೆ, ಅಂದರೆ 7–10 ದಿನ, ಹಾಗೇ ಇರುತ್ತದೆ. ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟದಿರಲಿ ಅಂತಲೇ ಇದನ್ನು ಕೊಡುವುದು. ಗಾಯವನ್ನು ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿಯಲಿ. ದಯವಿಟ್ಟು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಸ್ಟೆಂಟ್ ಹಾಕಿಸಿಕೊಂಡವರಿಗಂತೂ ಅದು ಜೀವಕ್ಕೇ ಅಪಾಯ. ಹಲ್ಲು ಕೀಳಿಸುವುದಿದ್ದರೂ ಹೃದಯದ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಮತ್ತೊಬ್ಬ ಸದಸ್ಯರು: ಹಿಮೋಫಿಲಿಯಾ ಇರೋ ಮಕ್ಕಳಿಗೆ ಪ್ಲೇಟ್‌ಲೆಟ್ ಕೊಟ್ಟರೆ ಸರಿಹೋಗುತ್ತಾ ಮೇಡಂ?

ಉತ್ತರ: ಇಲ್ಲ. ಅವರ ಪ್ಲೇಟ್‌ಲೆಟ್ ಚೆನ್ನಾಗಿಯೇ ಇರುತ್ತದೆ, ಇಲ್ಲದ್ದು ಫ್ಯಾಕ್ಟರ್ 8 ಅಥವಾ 9. ಹಾಗಾಗಿ ಮೊದಲ ಮುಚ್ಚಳ ಬೀಳುತ್ತದೆ, ಚರ್ಮ ತರಚಿದರೆ ಹೆಚ್ಚಾಗಿ ರಕ್ತ ನಿಲ್ಲುತ್ತದೆ. ಫೈಬ್ರಿನ್ ಸಾಕಷ್ಟು ಆಗುವುದಿಲ್ಲ, ಅದಕ್ಕೇ ಮಂಡಿ, ಮೊಣಕೈ ಒಳಗೆ ರಕ್ತ ತುಂಬಿ ಊದಿಕೊಳ್ಳುತ್ತದೆ. ಅವರಿಗೆ ಬೇಕಾದದ್ದು ಫ್ಯಾಕ್ಟರ್, ಅದೂ ಬೇಗ. ಮತ್ತೆ ಆ ನೋವಿಗೆ ಆಸ್ಪಿರಿನ್, ಐಬುಪ್ರೊಫೇನ್ ಕೊಡಲೇಬೇಡಿ. ಫ್ಯಾಕ್ಟರ್ ಮೊದಲೇ ಇಲ್ಲ, ಇರುವ ಪ್ಲೇಟ್‌ಲೆಟ್ಟೂ ಆಗ ಕೈಕೊಡುತ್ತದೆ.